ಲೆಕ್ಕ ಸರಿಯಿತ್ತು, ಪುಟ ತಪ್ಪಿತ್ತು: 438 ಸ್ಕ್ಯಾನ್ ಫೈಲ್‌ಗಳ ಹೆಸರು ಬದಲಾವಣೆ

ಹಳೆಯ ಕನ್ನಡ ನಿಘಂಟೊಂದರ ಮೂರನೆಯ ಸಂಪುಟ, 436 ಪುಟ. ಪುಸ್ತಕವನ್ನು ತೊಟ್ಟಿಲಿನಂಥ ಹಲಗೆಯ ಮೇಲೆ ಅರ್ಧ ತೆರೆದಿಟ್ಟು, ಎರಡು ಕ್ಯಾಮೆರಾ ನಿಲ್ಲಿಸಿ, ಒಂದೇ ಗುಂಡಿ ಒತ್ತಿದರೆ ಎಡಪುಟ ಬಲಪುಟ ಎರಡೂ ಸೆರೆಯಾಗುವಂತೆ ಮಾಡಿಕೊಂಡ ವ್ಯವಸ್ಥೆ. ಎಡಪುಟ ತೆಗೆಯುವುದನ್ನು ಎಡ ಕ್ಯಾಮೆರಾ ಎನ್ನೋಣ. ಅದು ನಿಜವಾಗಿ ನಿಲ್ಲುವುದು ಬಲಗಡೆ; ಗೊಂದಲ ಅಲ್ಲಿಂದಲೇ ಶುರುವಾಗುವುದರಿಂದ ಕ್ಯಾಮೆರಾಗಳಿಗೆ ಚೀಟಿ ಅಂಟಿಸುವುದು ಒಳ್ಳೆಯದು.

ಮೊದಲ ಜೋಡಿಯಲ್ಲಿ ಎಡಕ್ಕೆ ರಟ್ಟಿನ ಒಳಬದಿ, ಬಲಕ್ಕೆ 1ನೇ ಪುಟ. ಕೊನೆಯ ಜೋಡಿಯಲ್ಲಿ ಎಡಕ್ಕೆ 436, ಬಲಕ್ಕೆ ಹಿಂದಿನ ರಟ್ಟಿನ ಒಳಬದಿ. ಒಟ್ಟು 219 ಜೋಡಿ, 438 ಚಿತ್ರ. ಮುನ್ನುಡಿಗೆ ಬೇರೆ ಎಣಿಕೆ ಇಲ್ಲದ ಪುಸ್ತಕವಾದ್ದರಿಂದ ಸೂತ್ರ ಸರಳ: ಎಡಪುಟ = ಜೋಡಿ × 2 − 2, ಬಲಪುಟ = ಜೋಡಿ × 2 − 1. ಬೇಕಾದ ಹೆಸರು "ಕೋಶ3_ಪುಟ0000"ದಿಂದ "ಕೋಶ3_ಪುಟ0437"ರವರೆಗೆ.

ಕ್ಯಾಮೆರಾದಿಂದ ಇಳಿಸಿದ್ದು ಹೀಗಿತ್ತು. ಎಡ ಫೋಲ್ಡರಿನಲ್ಲಿ 220 ಫೈಲ್: 9871ರಿಂದ 9999, ಆಮೇಲೆ 0001ರಿಂದ 0091. ಬಲ ಫೋಲ್ಡರಿನಲ್ಲಿ 219 ಫೈಲ್: 0412ರಿಂದ 0630, ನಡುವೆ ಒಂದೂ ಬಿಟ್ಟಿಲ್ಲ. ಎಡದಲ್ಲಿ ಒಂದು ಹೆಚ್ಚು, ಬಲ ಸರಿ. ನೋಡಿದ ಯಾರಿಗಾದರೂ ಹೊಳೆಯುವುದು ಇಷ್ಟೇ: ಎಡದಲ್ಲಿ ಎಲ್ಲೋ ಒಂದು ಪುಟ ಎರಡು ಸಲ ಬಂದಿದೆ, ಅದನ್ನು ತೆಗೆದರೆ ಕೆಲಸ ಮುಗಿಯಿತು.

(ಕಮಾಂಡುಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ. ಟರ್ಮಿನಲ್‌ನಲ್ಲಿ ರೋಮನ್ ಅಕ್ಷರಗಳಲ್ಲಿ ಟೈಪಿಸಬೇಕು.)

ಮೊದಲ ಸ್ಕ್ರಿಪ್ಟ್ ಆರು ಫೈಲಿಗೆ ನಿಂತಿತು

ಕೈಗೆ ಮೊದಲು ಬರುವ ಉಪಾಯ: ಲೂಪಿನೊಳಗೆ ಫೈಲ್ ಹೆಸರಿನ ನಾಲ್ಕು ಅಂಕಿ ಕತ್ತರಿಸಿಕೊಂಡು, ಅದರಿಂದ 411 ಕಳೆದು ಜೋಡಿಸಂಖ್ಯೆ ಪಡೆದು, ಸೂತ್ರ ಹಾಕಿ ಎಂವಿ (ಹೆಸರು ಬದಲಿಸುವ ಕಮಾಂಡ್) ಮಾಡುವುದು. ಬಲ ಫೋಲ್ಡರಿನ ಮೇಲೆ ಓಡಿಸಿದರೆ ಆರು ಫೈಲ್ ದಾಟಿ ಏಳನೆಯದಾದ 0418ರಲ್ಲಿ ದೋಷ ತೋರಿಸಿ ನಿಲ್ಲುತ್ತದೆ. ಕಾರಣ, ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು ಬ್ಯಾಶ್ (ಟರ್ಮಿನಲ್‌ನಲ್ಲಿ ಕಮಾಂಡುಗಳನ್ನು ಓದಿ ಓಡಿಸುವ ಪ್ರೋಗ್ರಾಮ್) ಎಂಟರ ಆಧಾರದ ಸಂಖ್ಯೆ ಎಂದೇ ಓದುತ್ತದೆ. ಆ ಪದ್ಧತಿಯಲ್ಲಿ 8, 9 ಎಂಬ ಅಂಕಿಗಳೇ ಇಲ್ಲ. ಆದ್ದರಿಂದ 0418 ಅದಕ್ಕೆ ಅರ್ಥವಾಗುವುದಿಲ್ಲ.

ನಿಂತದ್ದು ಪುಣ್ಯ. ಅದಕ್ಕಿಂತ ಕೆಟ್ಟದ್ದು ನಿಲ್ಲದೆ ದಾಟಿದ ಆ ಆರು ಫೈಲ್. 0412 ಎಂಬುದು ಎಂಟರ ಲೆಕ್ಕದಲ್ಲಿ 266, 0417 ಎಂಬುದು 271. ಅವುಗಳಿಂದ 411 ಕಳೆದರೆ ಋಣಸಂಖ್ಯೆ ಬರುತ್ತದೆ. ಆ ಆರಕ್ಕೂ ಅಸಂಬದ್ಧ ಹೆಸರು ಬಿದ್ದಿರುತ್ತದೆ. ಕಳೆಯುವ ಸಂಖ್ಯೆ ಚಿಕ್ಕದಾಗಿದ್ದರೆ ನಂಬುವಂಥ ಹೆಸರೇ ಬೀಳುತ್ತಿತ್ತು, ಆಗ ಪತ್ತೆ ಮಾಡುವುದು ಇನ್ನೂ ಕಷ್ಟ. ಪರಿಹಾರ: ಲೆಕ್ಕದೊಳಗೆ ಚರದ ಎಡಕ್ಕೆ ತಾಗಿಸಿ 10# ಸೇರಿಸಿ "ಇದು ಹತ್ತರ ಲೆಕ್ಕ" ಎಂದು ಹೇಳುವುದು. ಮರಳಿ ನಾಲ್ಕು ಅಂಕಿಗೆ ತರಲು ಪ್ರಿಂಟ್‌ಎಫ್‌ನಲ್ಲಿ ಶೇಕಡಾ ಚಿಹ್ನೆಯ ಬಲಕ್ಕೆ 04ಡಿ.

ಎಡ ಫೋಲ್ಡರಿನ ತೊಡಕು ಬೇರೆ. ಕ್ಯಾಮೆರಾಗಳು ಪಾಲಿಸುವ ಡಿಸಿಎಫ್ ನಿಯಮದಲ್ಲಿ ಫೈಲ್ ಹೆಸರು ನಾಲ್ಕು ಅಕ್ಷರ, ನಾಲ್ಕು ಅಂಕಿ. ಎಣಿಕೆ 0001ರಿಂದ 9999ರ ತನಕ, ಆಮೇಲೆ ಮತ್ತೆ 0001. ಹೆಸರಿನ ಕ್ರಮದಲ್ಲಿ ಜೋಡಿಸಿದರೆ 130ನೇ ಜೋಡಿಯ ಚಿತ್ರ ಮೊದಲು ಬಂದು ನಿಲ್ಲುತ್ತದೆ, ರಟ್ಟಿನ ಜಾಗದಲ್ಲಿ 258ನೇ ಪುಟ ಕಾಣುತ್ತದೆ. ಮೊದಲ ನೋಟಕ್ಕೇ ಸಿಕ್ಕಿಬೀಳುವ ತಪ್ಪು ಇದು, ಹೆದರಬೇಕಾಗಿಲ್ಲ. ಚಿತ್ರ ತೆಗೆದ ಸಮಯದ ಮೇಲೆ ಜೋಡಿಸಿದರೆ ಸರಿಹೋಗುತ್ತದೆ. ಆದರೆ ಆ ಸಮಯ ಫೈಲ್ ಮೇಲಿನ ದಿನಾಂಕವಾಗಬಾರದು. ಸುಮ್ಮನೆ ಸಿಪಿ (ನಕಲು ಕಮಾಂಡ್) ಮಾಡಿದರೂ ಆ ದಿನಾಂಕ ನಕಲು ಮಾಡಿದ ಹೊತ್ತಿಗೆ ಬದಲಾಗುತ್ತದೆ. ಚಿತ್ರದೊಳಗೆ ಕ್ಯಾಮೆರಾ ಬರೆದ ಎಕ್ಸಿಫ್ ಸಮಯವೇ ಬೇಕು. ಚಿತ್ರಗಳು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದಿದ್ದರೆ ಅದು ಅಳಿಸಿಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದ್ದರೆ ಉಳಿದಿರುತ್ತದೆ.

ಎರಡು ತಪ್ಪು ಒಂದನ್ನೊಂದು ಮುಚ್ಚಿದ್ದು

ಎಡದಲ್ಲಿ ಹೆಚ್ಚಾದ ಫೈಲ್ ಹುಡುಕಲು ಕಷ್ಟವಾಗಲಿಲ್ಲ. 0011ರಲ್ಲಿ ಪುಟದ ಮೇಲೆ ಕೈ ಬಂದಿದೆ, 0012ರಲ್ಲಿ ಅದೇ 278ನೇ ಪುಟ ಸ್ವಚ್ಛವಾಗಿದೆ. 140ನೇ ಜೋಡಿಯನ್ನು ಮರಳಿ ತೆಗೆದಿದ್ದಾರೆ ಎಂದಾಯಿತು. 0011 ಪಕ್ಕಕ್ಕಿಟ್ಟರೆ ಎಡ 219, ಬಲ 219. ಸೂತ್ರ ಹಾಕಿ, ಮೊದಲ ಐದು ಪುಟ ತೆರೆದು ನೋಡಿದರೆ ಸರಿ. ಕೊನೆಯ ಐದು ನೋಡಿದರೂ ಸರಿ.

ಆದರೂ ಬಲ ಬದಿಯಲ್ಲಿ 52 ಫೈಲ್‌ಗಳ ಹೆಸರು ತಪ್ಪು.

ಗುಂಡಿ ಒತ್ತಿದರೆ ಎರಡೂ ಕ್ಯಾಮೆರಾ ಓಡುತ್ತವೆ. ಹಾಗಾದರೆ 140ನೇ ಜೋಡಿಯನ್ನು ಎರಡು ಸಲ ತೆಗೆದಾಗ ಬಲದಲ್ಲೂ ಒಂದು ಫೈಲ್ ಹೆಚ್ಚಾಗಿ 220 ಇರಬೇಕಿತ್ತು. ಇರುವುದು 219. ಅಂದರೆ ಬೇರೆಲ್ಲೋ ಬಲ ಕ್ಯಾಮೆರಾ ಒಂದು ಸಲ ಓಡಿಲ್ಲ. ಫೋಕಸ್ ಸಿಗದಿದ್ದರೆ ಶಟರ್ ಬಿಡದಂತೆ ಇಟ್ಟ ಕ್ಯಾಮೆರಾದಲ್ಲಿ ಇದು ಮಾಮೂಲು. ಆ ಕಾರಣಕ್ಕೇ ಇಂಥ ಕೆಲಸಕ್ಕೆ ಫೋಕಸನ್ನು ಕೈಯಲ್ಲೇ ಹೊಂದಿಸಿ ಬಿಗಿಯಬೇಕು. ಓಡದಿದ್ದಾಗ ಎಣಿಕೆಯಲ್ಲಿ ಸಂಖ್ಯೆಯೂ ಖರ್ಚಾಗುವುದಿಲ್ಲ. ಹಾಗಾಗಿ 0412ರಿಂದ 0630ರವರೆಗೆ ಬಿಡದೆ ಇರುವುದು ಏನನ್ನೂ ಸಾಬೀತು ಮಾಡುವುದಿಲ್ಲ.

ಇಲ್ಲಿ ತಪ್ಪಿದ್ದು 88ನೇ ಜೋಡಿ, ಅಂದರೆ 175ನೇ ಪುಟ. ಅಲ್ಲಿಂದ ಬಲದ ಪ್ರತಿ ಫೈಲೂ ಒಂದು ಜೋಡಿ ಮುಂದಕ್ಕೆ ಸರಿಯಿತು: 0499ಕ್ಕೆ 175 ಎಂದು ಹೆಸರು, ಒಳಗೆ 177ನೇ ಪುಟ. ಈ ಜಾರು 140ನೇ ಜೋಡಿಯವರೆಗೆ ಸಾಗಿತು. ಅಲ್ಲಿ ಕೈ ಬಿದ್ದ 0550 ಎಂಬ ಹೆಚ್ಚಿನ ಫೈಲ್ ಬಂದು ಕೊರತೆ ತುಂಬಿತು. 0551ರಿಂದ ಮತ್ತೆ ಎಲ್ಲ ಸರಿ. ಸಾಲ ತೀರಿದ ಮೇಲೆ ಖಾತೆ ನೋಡಿದಂತೆ, ಕೊನೆಯಲ್ಲಿ ನೋಡುವವರಿಗೆ ಬಾಕಿ ಸೊನ್ನೆ.

ಅಲ್ಲಲ್ಲಿ ತೆರೆದು ನೋಡಿದರೆ ಸಿಗುವುದಿಲ್ಲವೇ? ಸಿಗಬಹುದು. 219ರಲ್ಲಿ 52 ತಪ್ಪಿರುವಾಗ ಮನಸ್ಸಿಗೆ ಬಂದ ಐದು ಬಲಪುಟ ತೆರೆದರೆ ಸುಮಾರು ನಾಲ್ಕರಲ್ಲಿ ಒಂದು ಸಲ ಐದೂ ಸರಿಯಾದವೇ ಆಗಿರುತ್ತವೆ. ಹತ್ತು ತೆರೆದರೂ ನೂರರಲ್ಲಿ ಆರೇಳು ಸಲ ತಪ್ಪು ತಪ್ಪಿಸಿಕೊಳ್ಳುತ್ತದೆ. ಜಾರಿದ್ದು ಎರಡೇ ಮೂರೇ ಫೈಲ್ ಆಗಿದ್ದರೆ ಈ ದಾರಿಯಲ್ಲಿ ಸಿಗುವ ಭರವಸೆ ಇಲ್ಲವೇ ಇಲ್ಲ. ನಿಘಂಟಾದ್ದರಿಂದ ಇನ್ನೊಂದು ಅನುಕೂಲ ಇತ್ತು: ಪುಟಗಳನ್ನು ಸಾಲಾಗಿ ತಿರುವಿದರೆ 174, 177, 176, 179 ಎಂದು ಬರುವ ಕಡೆ ಅಕಾರಾದಿ ಕ್ರಮ ಹಿಂದೆಮುಂದೆ ಹೊಯ್ದಾಡುತ್ತದೆ. ಎಡಪುಟಗಳನ್ನೇ ಬೇರೆ, ಬಲಪುಟಗಳನ್ನೇ ಬೇರೆ ನೋಡಿದರೆ ಇದು ಕಾಣದು. ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಹಾಗೆಯೇ ನೋಡುತ್ತಾರೆ, ಫೋಲ್ಡರ್ ಎರಡಿವೆಯಲ್ಲ.

ಗಡಿಯಾರ ಹೇಳಿದ ಸಾಕ್ಷಿ

ಖಚಿತ ದಾರಿ ಸಮಯದ ವ್ಯತ್ಯಾಸ. ಎರಡು ಕ್ಯಾಮೆರಾಗಳ ಗಡಿಯಾರ ಕೂಡಿರಬೇಕೆಂದೇನೂ ಇಲ್ಲ; ವ್ಯತ್ಯಾಸ ಒಂದೇ ಸಮನೆ ಇದ್ದರೆ ಸಾಕು. ಇಲ್ಲಿ ಎಡದ ಗಡಿಯಾರ 37 ಸೆಕೆಂಡು ಮುಂದಿತ್ತು, ಒಂದು ಜೋಡಿಯಿಂದ ಮುಂದಿನದಕ್ಕೆ ಸುಮಾರು 12 ಸೆಕೆಂಡು.

ಎಕ್ಸಿಫ್‌ಟೂಲಿಗೆ ದೊಡ್ಡಕ್ಷರದ -ಟಿ ಕೊಟ್ಟರೆ ಟ್ಯಾಬ್ ಹಾಕಿದ ಕೋಷ್ಟಕ ಸಿಗುತ್ತದೆ. -ಡಿ ಜತೆ %ಎಸ್ ಕೊಟ್ಟರೆ ಸಮಯ ಸೆಕೆಂಡುಗಳ ಒಂದೇ ದೊಡ್ಡ ಸಂಖ್ಯೆಯಾಗಿ ಬರುತ್ತದೆ. ಕಳೆಯುವ ಲೆಕ್ಕ ಹಗುರ. ಕೇಳಬೇಕಾದ ಕಾಲಂ ಎರಡೇ: ಫೈಲ್‌ನೇಮ್ ಮತ್ತು ಡೇಟ್‌ಟೈಮ್‌ಒರಿಜಿನಲ್. ಎಡಕ್ಕೊಂದು (0011 ಬಿಟ್ಟು) ಬಲಕ್ಕೊಂದು ಕೋಷ್ಟಕ ಮಾಡಿ, ಎರಡನ್ನೂ ಸಮಯದ ಕಾಲಂ ಮೇಲೆ ಸಾರ್ಟ್ ಮಾಡಿ, ಪೇಸ್ಟ್ ಕಮಾಂಡಿನಿಂದ ಪಕ್ಕಪಕ್ಕ ಕೂಡಿಸಿ, ಆಕ್‌ನಲ್ಲಿ ಎರಡನೇ ಕಾಲಂನಿಂದ ನಾಲ್ಕನೆಯದನ್ನು ಕಳೆಯಬೇಕು. ಸಮಯವೇ ಇಲ್ಲದ ಫೈಲಿನ ಎದುರು ಬರೀ ಅಡ್ಡಗೆರೆ ಬರುತ್ತದೆ, ಅದನ್ನು ಮೊದಲೇ ಹುಡುಕಿ.

ಬಂದ ಉತ್ತರ ಓದಲು ಜಾಣತನ ಬೇಡ. 87ನೇ ಸಾಲಿನವರೆಗೆ 37, ನಡುನಡುವೆ 36, 38. (ಈ ಕಾಲಂನ ಸಮಯ ಸೆಕೆಂಡಿಗಿಂತ ಸೂಕ್ಷ್ಮವಲ್ಲ, ಒಂದರ ಏರುಪೇರು ಇದ್ದೇ ಇರುತ್ತದೆ.) 88ನೇ ಸಾಲಿನಲ್ಲಿ ಒಮ್ಮೆಲೇ 25ರ ಆಸುಪಾಸು. ಅಲ್ಲಿಂದ 139ರವರೆಗೆ ಹಾಗೆಯೇ ಕೆಳಗೆ. 140ರಲ್ಲಿ ಮತ್ತೆ 37. ಕ್ಯಾಮೆರಾ ಎಲ್ಲಿ ಓಡಲಿಲ್ಲ, ಯಾವ ಚಿತ್ರ ಹೆಚ್ಚು ಎಂಬುದು ಪುಟ ತೆರೆಯದೆಯೇ ಗೊತ್ತಾಯಿತು. ತೆರೆದು ನೋಡಬೇಕಾದ್ದು ಆ ಎರಡು ಜಾಗ ಮಾತ್ರ.

ಇಲ್ಲಿಂದ ಮುಂದೆ ಇನ್ನೊಂದು ಸ್ಕ್ರಿಪ್ಟ್ ಬರೆದು ಸಮಯ ನೋಡಿಯೇ ಜೋಡಿ ಕಟ್ಟಿಸಬಹುದು. ಒಂದು ಪುಸ್ತಕಕ್ಕೆ ಅದು ಅತಿಯಾಯಿತು. ಬಲದ ಕೋಷ್ಟಕದಲ್ಲಿ 88ನೇ ಜಾಗಕ್ಕೆ ಖಾಲಿ ಸಾಲು ಸೇರಿಸಿ, 0550ರ ಸಾಲು ಅಳಿಸಿದರೆ ಎರಡೂ ಬದಿ ಕೂಡಿದವು. ನೂರು ಪುಸ್ತಕ ಇದ್ದರೆ ಮಾತು ಬೇರೆ.

ಲೆಕ್ಕ ಬೇರೆ, ಕೆಲಸ ಬೇರೆ

ಮೊದಲ ಸ್ಕ್ರಿಪ್ಟಿನ ಮೂಲದೋಷ ಎಂಟರ ಲೆಕ್ಕವಲ್ಲ. ಹೊಸ ಹೆಸರು ಯಾವುದೆಂದು ಯೋಚಿಸುವುದೂ ಹೆಸರು ಬದಲಿಸುವುದೂ ಒಂದೇ ಲೂಪಿನಲ್ಲಿ ನಡೆದದ್ದು ದೋಷ. ಬಿಡಿಸಿದರೆ ಕೈಗೆ ಬರುವುದು ಎರಡು ಕಾಲಂನ ಒಂದು ಪಟ್ಟಿ: ಹಳೆಯ ಹೆಸರು, ಟ್ಯಾಬ್, ಹೊಸ ಹೆಸರು. ಮೂರು ಸಾಲು ಹೀಗಿರುತ್ತವೆ (→ ಇರುವಲ್ಲಿ ಟ್ಯಾಬ್):

ಎಡ/9999 → ಕೋಶ3_ಪುಟ0256
ಎಡ/0001 → ಕೋಶ3_ಪುಟ0258
ಬಲ/0551 → ಕೋಶ3_ಪುಟ0279

ಫೈಲ್ ಮುಟ್ಟುವ ಮೊದಲೇ ಈ ಪಟ್ಟಿಯನ್ನು ಪರೀಕ್ಷಿಸಬಹುದು. ಹೊಸ ಹೆಸರುಗಳ ಕಾಲಂ ಕತ್ತರಿಸಿ ಸಾರ್ಟ್ ಮಾಡಿ ಯುನಿಕ್‌ಗೆ -ಡಿ ಕೊಟ್ಟರೆ ಎರಡು ಸಲ ಬಂದ ಹೆಸರು ಸಿಗುತ್ತದೆ. ಏನೂ ಬರದಿದ್ದರೆ ಒಳ್ಳೆಯದು. ಸೀಕ್‌ನಿಂದ 0000–0437ರ ಪೂರ್ಣ ಸಾಲು ಮಾಡಿ ಕಾಮ್ ಕಮಾಂಡಿನಿಂದ ಹೋಲಿಸಿದರೆ ಬಿಟ್ಟುಹೋದ ಪುಟ ಸಿಗುತ್ತದೆ. ಇಲ್ಲಿ ಸಿಕ್ಕಿದ್ದು 0175 ಒಂದೇ. ಕಾಮ್‌ಗೆ ಕೊಡುವ ಎರಡೂ ಪಟ್ಟಿಗಳನ್ನು ಒಂದೇ ಲೊಕೇಲ್‌ನಲ್ಲಿ (ಅಕ್ಷರಕ್ರಮ ನಿರ್ಧರಿಸುವ ಭಾಷಾ ಸೆಟ್ಟಿಂಗ್) ಸಾರ್ಟ್ ಮಾಡಿರಬೇಕು, ಇಲ್ಲದಿದ್ದರೆ ಸುಳ್ಳು ವ್ಯತ್ಯಾಸಗಳು ತುಂಬಿಕೊಳ್ಳುತ್ತವೆ.

ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆಯುವ ಆಸೆ ಬರುತ್ತದೆ. ಬರೀ ಅಂಕಿಗಳ ಕಾಲಂ ಇದ್ದರೆ ತೆರೆದ ಕೂಡಲೇ 0551 ಎಂಬುದು 551 ಆಗಬಹುದು; ಆ ಕಾಲಂ ಅಕ್ಷರ ಎಂದು ಹೇಳಿಯೇ ಆಮದು ಮಾಡಬೇಕು. ವಿಂಡೋಸ್‌ನಲ್ಲಿ ಉಳಿಸಿದ ಪಟ್ಟಿಯ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಹೆಚ್ಚಿಗೆ ಕೂರುತ್ತದೆ. ಲಿನಕ್ಸ್‌ನಲ್ಲಿ ಅದು ಫೈಲ್ ಹೆಸರಿನ ಬಾಲವಾಗಿ ಅಂಟಿಕೊಂಡು, ಜೆಪಿಜಿ ಎಂದು ಮುಗಿದಂತೆ ಕಂಡರೂ ಹೆಸರಿನ ಕೊನೆ ನೋಡಿ ಗುರುತಿಸುವ ಪ್ರೋಗ್ರಾಮುಗಳು ಅದನ್ನು ಜೆಪಿಜಿ ಎಂದು ಗುರುತಿಸುವುದಿಲ್ಲ. ಡಾಸ್‌ಟುಯುನಿಕ್ಸ್ ಒಮ್ಮೆ ಓಡಿಸಿದರೆ ಹೋಗುತ್ತದೆ.

ಕೆಲಸ ಮಾಡುವ ಲೂಪಿಗೆ ಈಗ ಬುದ್ಧಿ ಬೇಕಿಲ್ಲ. ಒಂದು ಸಾಲು ಓದು, ಒಂದು ಫೈಲಿಗೆ ಹೆಸರಿಡು. ವೈಲ್ ರೀಡ್‌ನಲ್ಲಿ ಐಎಫ್‌ಎಸ್ (ಕಾಲಂ ಬಿಡಿಸುವ ಗುರುತು) ಬರೀ ಟ್ಯಾಬ್ ಆಗಿರಲಿ, ರೀಡ್‌ಗೆ -ಆರ್ ಇರಲಿ, ಎರಡೂ ಚರಗಳ ಸುತ್ತ ಜೋಡಿ ಉದ್ಧರಣ ಚಿಹ್ನೆ ಇರಲಿ, ಹೆಸರುಗಳಿಗಿಂತ ಮೊದಲು ಎರಡು ಅಡ್ಡಗೆರೆ ಇರಲಿ. ಉದ್ಧರಣ ಬಿಟ್ಟರೆ ನಡುವೆ ಖಾಲಿ ಜಾಗ ಇರುವ ಹೆಸರು ಎರಡು ತುಂಡಾಗುತ್ತದೆ. ಅಡ್ಡಗೆರೆ ಬಿಟ್ಟರೆ - ಇಂದ ಶುರುವಾಗುವ ಹೆಸರನ್ನು ಕಮಾಂಡ್ ಆಯ್ಕೆ ಎಂದುಕೊಳ್ಳುತ್ತದೆ. ಪಟ್ಟಿಯ ಕೊನೆಯ ಸಾಲಿನ ನಂತರ ಎಂಟರ್ ಇಲ್ಲದಿದ್ದರೆ ರೀಡ್ ಆ ಸಾಲನ್ನು ಓದಿದರೂ ಲೂಪ್ ಒಳಗೆ ಹೋಗುವುದಿಲ್ಲ, ಕೊನೆಯ ಪುಟ ಸದ್ದಿಲ್ಲದೆ ಉಳಿದುಹೋಗುತ್ತದೆ. 438ರ ಜಾಗದಲ್ಲಿ 437 ಬಂದರೆ ಮೊದಲು ನೋಡಬೇಕಾದ್ದು ಇದನ್ನೇ.

ಲೂಪಿನೊಳಗೆ ಎಂವಿ ಬೇಡ, ಎಲ್‌ಎನ್ (ಲಿಂಕ್ ಮಾಡುವ ಕಮಾಂಡ್) ಇರಲಿ ಎಂಬುದು ಈ ಪ್ರಕರಣದಿಂದ ನಾವು ಒತ್ತಿ ಹೇಳುವ ಮಾತು. ಸ್ಕ್ರಿಪ್ಟಿನಲ್ಲಿ ಎಂವಿ ಆ ಹೆಸರಿನ ಫೈಲ್ ಮೊದಲೇ ಇದ್ದರೆ ಕೇಳದೆ ಅದರ ಮೇಲೆ ಬರೆದುಬಿಡುತ್ತದೆ. -ಎನ್ ಕೊಟ್ಟರೆ ಬರೆಯುವುದಿಲ್ಲ, ಬಿಟ್ಟು ಮುಂದೆ ಹೋಗುತ್ತದೆ. ಎಲ್‌ಎನ್ ಮಾತ್ರ ಹುಟ್ಟಿನಿಂದಲೇ ಹಟಮಾರಿ: ಹೆಸರು ಮೊದಲೇ ಇದ್ದರೆ ದೋಷ ತೋರಿಸಿ ನಿರಾಕರಿಸುತ್ತದೆ. ಹೊಸ ಖಾಲಿ ಫೋಲ್ಡರಿನಲ್ಲಿ ಪ್ರತಿ ಚಿತ್ರಕ್ಕೆ ಹೊಸ ಹೆಸರಿನ ಹಾರ್ಡ್ ಲಿಂಕ್ ಮಾಡಿದರೆ ಅದೇ ದತ್ತಾಂಶಕ್ಕೆ ಎರಡನೆಯ ಹೆಸರು ಸಿಗುತ್ತದೆ, ಡಿಸ್ಕಿನಲ್ಲಿ ಜಾಗ ಹೆಚ್ಚು ಹಿಡಿಯುವುದಿಲ್ಲ, ಹಳೆಯ ಹೆಸರುಗಳು ಇದ್ದಲ್ಲೇ ಇರುತ್ತವೆ. ತಪ್ಪಾದರೆ ಹೊಸ ಫೋಲ್ಡರ್ ಅಳಿಸಿ ಮತ್ತೆ ಓಡಿಸಿದರಾಯಿತು. ಹೊಸ ಫೋಲ್ಡರ್ ಆದ್ದರಿಂದ 0001 ಹೋಗಿ 0002ರ ಮೇಲೆ ಬೀಳುವ ಸರಪಳಿ ಅಪಘಾತವೂ ಇಲ್ಲ.

ಮಿತಿ ಎರಡು. ಪೆನ್‌ಡ್ರೈವ್, ಮೆಮರಿ ಕಾರ್ಡುಗಳ ಎಕ್ಸ್‌ಫ್ಯಾಟ್, ಫ್ಯಾಟ್32 ಎಂಬ ಫೈಲ್ ವ್ಯವಸ್ಥೆಗಳಲ್ಲಿ ಹಾರ್ಡ್ ಲಿಂಕ್ ಆಗದು, ಎರಡೂ ಫೋಲ್ಡರ್ ಒಂದೇ ವಿಭಾಗದಲ್ಲೂ ಇರಬೇಕು. ಎರಡನೆಯದು, ಫೈಲನ್ನು ಇದ್ದಲ್ಲೇ ತಿದ್ದುವ ಪ್ರೋಗ್ರಾಮ್ ಬಳಸಿದರೆ ಎರಡೂ ಹೆಸರಿನಡಿಯ ಚಿತ್ರ ಬದಲಾಗುತ್ತದೆ, ಏಕೆಂದರೆ ಚಿತ್ರ ಒಂದೇ. ಅಂಚು ಕತ್ತರಿಸುವ, ತಿರುಗಿಸುವ ಕೆಲಸ ಶುರುವಾಗುವ ಮುನ್ನ ನಿಜವಾದ ನಕಲು ಮಾಡಿಕೊಳ್ಳಬೇಕು.

ಹೆಸರೇ ಕನ್ನಡದಲ್ಲಿದ್ದಾಗ

ಹೆಸರನ್ನು ಕನ್ನಡದಲ್ಲಿ ಇಟ್ಟದ್ದರಿಂದ ಬಂದ ತೊಡಕು ಒಂದೇ, ಆದರೆ ಅರ್ಧ ದಿನ ತಿನ್ನುವಂಥದ್ದು. ಹಳೆಯ ಮ್ಯಾಕ್ ಡಿಸ್ಕ್ ಒಂದನ್ನು ದಾಟಿ ಬಂದ ಫೋಲ್ಡರನ್ನು ಪಟ್ಟಿಯೊಂದಿಗೆ ಹೋಲಿಸಿದರೆ 438ಕ್ಕೆ 438 ಫೈಲೂ ಇಲ್ಲ ಎಂಬ ಉತ್ತರ. ಕಣ್ಣಿಗೆ ಹೆಸರುಗಳು ಅಕ್ಷರಶಃ ಒಂದೇ.

ಕಾರಣ "ಕೋ". ಯೂನಿಕೋಡ್‌ನಲ್ಲಿ ೋ ಎಂಬ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ೆ, ೂ, ೕ ಎಂದು ಮೂರಾಗಿ ಒಡೆದೂ ಬರೆಯಬಹುದು. ಎರಡಕ್ಕೂ ಬೆಲೆ ಒಂದೇ ಎಂದು ಯೂನಿಕೋಡ್ ಹೇಳುತ್ತದೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಒಡೆದ ರೂಪದಲ್ಲೇ ಇಡುತ್ತದೆ. ಲಿನಕ್ಸ್‌ನ ಇಎಕ್ಸ್‌ಟಿ4ಗೆ ಹೆಸರೆಂದರೆ ಬರೀ ಬೈಟುಗಳ ಸಾಲು. "ಕೋಶ" ಎಂಬುದು ಕೂಡಿದ ರೂಪದಲ್ಲಿ 9 ಬೈಟ್, ಒಡೆದ ರೂಪದಲ್ಲಿ 15 ಬೈಟ್, ಹಾಗಾಗಿ ಅದಕ್ಕೆ ಅವು ಬೇರೆಬೇರೆ. ೀ, ೇ, ೈ, ೊ ಚಿಹ್ನೆಗಳಿಗೂ ಇದೇ ಪಾಡು. ಕಾನ್ವ್‌ಎಂವಿ ಎಂಬ ಉಪಕರಣಕ್ಕೆ ಎರಡೂ ಕಡೆ ಯುಟಿಎಫ್8 ಎಂದು ಹೇಳಿ ಎನ್‌ಎಫ್‌ಸಿ ಆಯ್ಕೆ ಕೊಟ್ಟರೆ ಎಲ್ಲವನ್ನೂ ಕೂಡಿದ ರೂಪಕ್ಕೆ ತರುತ್ತದೆ. ಸುಮ್ಮನೆ ಓಡಿಸಿದರೆ ಏನಾಗುತ್ತಿತ್ತು ಎಂದು ತೋರಿಸುತ್ತದಷ್ಟೆ, ನೋಟೆಸ್ಟ್ ಎಂದರೆ ಮಾತ್ರ ಬದಲಿಸುತ್ತದೆ. ಎಲ್ಲ ಉಪಕರಣಗಳೂ ಹೀಗಿರಬೇಕಿತ್ತು.

ಉದ್ದದ ಮಿತಿಯೂ ಬೈಟಿನಲ್ಲೇ. ಇಎಕ್ಸ್‌ಟಿ4ರಲ್ಲಿ ಒಂದು ಹೆಸರಿಗೆ 255 ಬೈಟ್. ಕನ್ನಡದ ಪ್ರತಿ ಸಂಕೇತ 3 ಬೈಟ್ ತಿನ್ನುವುದರಿಂದ ಸಿಗುವುದು 85 ಸಂಕೇತ. "ಸ್ತ್ರೀ" ಎಂಬ ಒಂದು ಅಕ್ಷರಕ್ಕೇ ಆರು ಸಂಕೇತ ಬೇಕು. ವಿಂಡೋಸ್‌ನ ಎನ್‌ಟಿಎಫ್‌ಎಸ್ 255 ಸಂಕೇತ ಕೊಡುವುದರಿಂದ ಅಲ್ಲಿ ಇಟ್ಟ ಪುಸ್ತಕದ ಪೂರ್ತಿ ಶೀರ್ಷಿಕೆ ಲಿನಕ್ಸ್‌ಗೆ ನಕಲಾಗುವಾಗ ಹೆಸರು ಉದ್ದವಾಯಿತೆಂದು ತಿರಸ್ಕಾರವಾಗಬಹುದು. ಶೀರ್ಷಿಕೆ ಪಟ್ಟಿಯಲ್ಲಿರಲಿ, ಹೆಸರಿನಲ್ಲಿ ಚಿಕ್ಕ ಗುರುತು ಸಾಕು. ಪುಟಸಂಖ್ಯೆಗೆ ೧೭೫ ಬೇಡ, 175 ಇರಲಿ: ಬ್ಯಾಶ್ ಕನ್ನಡ ಅಂಕಿಗಳಲ್ಲಿ ಲೆಕ್ಕ ಮಾಡುವುದಿಲ್ಲ. ಮೊದಲೇ ಕನ್ನಡ ಅಂಕಿಯಲ್ಲಿದ್ದರೆ ಸೆಡ್‌ನ ವೈ ಆಜ್ಞೆಯಿಂದ ಬದಲಿಸಬಹುದು. ಗ್ನೂ ಟಿಆರ್ ಬೈಟ್ ಬೈಟಾಗಿ ನೋಡುವುದರಿಂದ ಹೆಸರನ್ನು ಕೆಡಿಸುತ್ತದೆ.

ರಿನೇಮ್ ಕಮಾಂಡಿನ ಬಗ್ಗೆ ಎರಡು ಮಾತು. ಒಂದೇ ಹೆಸರಿನ ಎರಡು ಕಮಾಂಡ್ ಚಲಾವಣೆಯಲ್ಲಿವೆ. ಡೆಬಿಯನ್, ಉಬುಂಟುಗಳಲ್ಲಿ ಹಾಕಿಕೊಳ್ಳುವುದು ಪರ್ಲ್‌ನದು, ರೆಗ್ಯುಲರ್ ಎಕ್ಸ್‌ಪ್ರೆಶನ್ (ಹುಡುಕುವ ಮಾದರಿಯ ಸೂತ್ರ) ಕೇಳುತ್ತದೆ. ಫೆಡೋರಾ, ಆರ್ಚ್‌ಗಳಲ್ಲಿ ಬರುವುದು ಯುಟಿಲ್-ಲಿನಕ್ಸ್‌ನದು, ಹಳೆಯ ತುಂಡು ಹೊಸ ತುಂಡು ಎಂದು ಎರಡು ಪದ ಕೇಳುತ್ತದೆ. ಪರ್ಲ್ ಶೈಲಿಯ ಆಜ್ಞೆಯನ್ನು ಎರಡನೆಯದಕ್ಕೆ ಕೊಟ್ಟರೆ ಆ ಇಡೀ ಸೂತ್ರವನ್ನೇ ಹೆಸರಿನಲ್ಲಿ ಹುಡುಕಿ, ಸಿಗದೆ, ಏನನ್ನೂ ಬದಲಿಸದೆ ಹೊರಬರುತ್ತದೆ. ಎರಡರಲ್ಲೂ -ಎನ್ ಎಂದರೆ ತೋರಿಸು, ಮುಟ್ಟಬೇಡ; ಎರಡನೆಯದು ತೋರಿಸಬೇಕಾದರೆ ಜತೆಗೆ -ವಿ ಕೂಡ ಬೇಕು. ವಿಂಡೋಸ್‌ನಲ್ಲೇ ಇರುವವರಿಗೆ ಪವರ್‌ಶೆಲ್‌ನ ರಿನೇಮ್-ಐಟಂಗೆ ವಾಟ್‌ಇಫ್ ಆಯ್ಕೆ ಅದೇ ಕೆಲಸ ಮಾಡುತ್ತದೆ, ಪಟ್ಟಿ ಓದಲು ಇಂಪೋರ್ಟ್-ಸಿಎಸ್‌ವಿ ಇದೆ, ಎನ್‌ಟಿಎಫ್‌ಎಸ್‌ನಲ್ಲಿ ಹಾರ್ಡ್ ಲಿಂಕ್ ಕೂಡ ಆಗುತ್ತದೆ.

ಉಳಿದದ್ದು 175ನೇ ಪುಟ. ಪುಸ್ತಕ ಇನ್ನೂ ಕಪಾಟಿಗೆ ಮರಳಿರಲಿಲ್ಲವಾದ್ದರಿಂದ ಆ ಒಂದು ಪುಟವನ್ನು ಬಲ ಕ್ಯಾಮೆರಾದಲ್ಲಿ ಮತ್ತೆ ತೆಗೆದದ್ದಾಯಿತು. ಬಂದ ಹೆಸರು 0631. ಸೂತ್ರಕ್ಕೆ ಈ ಫೈಲ್ ಎಂದಿಗೂ ಹೊಂದುತ್ತಿರಲಿಲ್ಲ. ಪಟ್ಟಿಯಲ್ಲಿ ಖಾಲಿ ಇದ್ದ ಸಾಲಿಗೆ 0631 ಎಂದು ಬರೆದು, ಹೊಸ ಫೋಲ್ಡರ್ ಅಳಿಸಿ, ಲೂಪ್ ಮತ್ತೊಮ್ಮೆ ಓಡಿತು. ಮೂಲ ಫೋಲ್ಡರುಗಳಲ್ಲಿ ಈಗ 440 ಫೈಲ್, ಹೊಸದರಲ್ಲಿ 438. ಎರಡೂ ಕಡೆಯ ಎಸ್‌ಎಚ್‌ಎ256 ಮೊತ್ತಗಳನ್ನು (ಫೈಲಿನ ಒಳಗನ್ನು ನೋಡಿ ಲೆಕ್ಕ ಹಾಕುವ ಬೆರಳಚ್ಚಿನಂಥ ಸಂಖ್ಯೆ) ಹೆಸರು ಬಿಟ್ಟು ಸಾರ್ಟ್ ಮಾಡಿ ಹೋಲಿಸಿದಾಗ ಹೊಸದರಲ್ಲಿ ಕಾಣದೆ ಉಳಿದವು ಎರಡೇ, ಕೈ ಬಿದ್ದ 0011 ಮತ್ತು 0550.